ವಿಮಾನದೊಳಗಿನ ಮಾತು

ಮನೆಯ ಪಡಸಾಲೆಯಲ್ಲಿ ರೇಡಿಯೋ ಪೆಟ್ಟಿಗೆಯ ಮುಂದೆ ಕುಳಿತ ಶ್ರೋತೃವಿಗೆ ಭಾಷಣದ ನಡುವೆ ಒಂದೆರಡು ಮಾತು ಕೇಳದೆ ಹೋದರೆ ಆಗತಕ್ಕ ನಷ್ಟ ಅಲ್ಪವಾದುದು. ಗುಂಡಿಯನ್ನು ತಿರುಗಿಸಿ ಸರಿಪಡಿಸಿಕೊಳ್ಳಬಹುದು. ಹಿಂದುಮುಂದಿನ ಮಾತುಗಳಿಂದ ಅರ್ಥವನ್ನು ಊಹಿಸಿಕೊಳ್ಳಬಹುದು. ಏನೂ ಸಾಗದಿದ್ದಲ್ಲಿ ಭಾಷಣಕಾರರನ್ನು ಶಪಿಸಿ ಪೆಟ್ಟಿಗೆಯ ಬಾಯನ್ನು ಮುಚ್ಚಿಬಿಡಬಹುದು. ಈ ಮೂರು ಸೌಕರ್ಯಗಳಲ್ಲಿ ಒಂದೂ ಇಲ್ಲದ ಶ್ರೋತೃವೊಬ್ಬನುಂಟು. ಅವನೇ ವಿಮಾನಚಾಲಕ. ಅವನ ಕಿವಿಗೆ ಬೀಳುವ ಮಾತು ನಾಲ್ಕೈದು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ; ಅದರಲ್ಲಿ ಒಂದು ಅಂಕಿ ತಪ್ಪಿದರೆ ಎತ್ತರ ತಪ್ಪುತ್ತದೆ, ಒಂದು ಪದ ತಪ್ಪಿದರೆ ಅಪ್ಪಣೆಯೇ ತಿರುಗುಮುರುಗಾಗುತ್ತದೆ. ಆ ಮಾತನ್ನು ಅವನ ಕಿವಿಗೆ ಮುಟ್ಟಿಸುವ ಸಲಕರಣೆ ಎಂಥದು, ಅದು ಎಲ್ಲಿ ಸೋಲುತ್ತದೆ, ಏಕೆ ಸೋಲುತ್ತದೆ ಎಂಬುದನ್ನು ಈ ದಿನ ವಿಚಾರಿಸಲು ಹೊರಟಿದ್ದೇವೆ.

ವಿಮಾನದೊಳಗೆ ಇಬ್ಬರು ಭುಜಕ್ಕೆ ಭುಜ ತಾಗಿಸಿಕೊಂಡು ಕುಳಿತಿದ್ದರೂ ಒಬ್ಬರ ಮಾತು ಒಬ್ಬರಿಗೆ ಕೇಳಿಸದು ಎಂದರೆ, ದೊಡ್ಡ ಪ್ರಯಾಣಿಕ ವಿಮಾನಗಳ ಮೆತ್ತನೆಯ ಆಸನಗಳನ್ನು ಮಾತ್ರ ಬಲ್ಲವರಿಗೆ ಅತಿಶಯೋಕ್ತಿಯಾಗಿ ತೋರಬಹುದು. ಆದರೆ ಎರಡು ಅಥವಾ ನಾಲ್ಕು ಜನ ಕೂರುವ ಸಣ್ಣ ವಿಮಾನದಲ್ಲಿ ಎಂಜಿನ್ನು ಚಾಲಕನ ಕಾಲಿನ ಮುಂದೆಯೇ ಇರುತ್ತದೆ. ನಡುವೆ ಇರುವುದು ಒಂದು ತೆಳು ತಗಡಿನ ಗೋಡೆ. ಎಂಜಿನ್ನಿನ ಆರ್ಭಟ, ಪ್ರೊಪೆಲ್ಲರಿನ ಬಡಿತ, ಗಾಳಿಯ ಮೊರೆತ ಇವೆಲ್ಲ ಸೇರಿ ಅಲ್ಲಿನ ಸದ್ದು ೯೦ ಡೆಸಿಬೆಲ್ಲುಗಳನ್ನು ಸುಲಭವಾಗಿ ಮುಟ್ಟುತ್ತದೆ. ಎದುರುಬದುರಾಗಿ ನಿಂತು ಸಾಧಾರಣವಾಗಿ ಆಡುವ ಮಾತು ೬೦ ಡೆಸಿಬೆಲ್ಲುಗಳ ಸುಮಾರಿನದು. ಈ ಅಳತೆಯಲ್ಲಿ ೧೦ ಹೆಚ್ಚಿತೆಂದರೆ ಶಬ್ದದ ಶಕ್ತಿ ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. ೩೦ ಹೆಚ್ಚಿತೆಂದರೆ ಸಾವಿರ ಪಟ್ಟು. ಗದ್ದಲದಲ್ಲಿ ಮನುಷ್ಯನು ತನಗರಿವಿಲ್ಲದೆಯೇ ದನಿಯೇರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ ೧೯೧೧ರಲ್ಲಿ ತೋರಿಸಿಕೊಟ್ಟನು. ಆದರೆ ಕಿರುಚಿದ ಮಾತು ಜೋರಾಗುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಇದ್ದಲ್ಲಿಯೇ ಉಳಿಯುತ್ತವೆ.

ಮೊದಲು ಹೂಡಿದ ಉಪಾಯ ವಿದ್ಯುತ್ತಿನದಲ್ಲ, ಕೊಳವೆಯದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೭ರಲ್ಲಿ, ಇಂಗ್ಲೆಂಡಿನ ಗಾಸ್‌ಪೋರ್ಟ್ ಎಂಬಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಹಾರಾಟದ ಶಿಕ್ಷಣಕ್ಕೆ ಹೊಸ ಕ್ರಮವನ್ನು ರೂಢಿಗೆ ತಂದನು. ಅದುವರೆಗೆ ಗುರುವು ಶಿಷ್ಯನಿಗೆ ಕೈಸನ್ನೆಯಿಂದಲೋ, ಎಂಜಿನ್ನಿನ ವೇಗವನ್ನು ತಗ್ಗಿಸಿ ಕೂಗಿಯೋ ಬುದ್ಧಿ ಹೇಳಬೇಕಾಗಿತ್ತು. ಈಗ ಗುರುವಿನ ಬಾಯಿಂದ ಶಿಷ್ಯನ ಶಿರಸ್ತ್ರಾಣದ ಕಿವಿಗಳವರೆಗೆ ಒಂದು ಮೆತ್ತನೆಯ ಕೊಳವೆಯನ್ನು ಹಾಯಿಸಲಾಯಿತು. ಅದಕ್ಕೆ ಊರಿನ ಹೆಸರೇ ನಿಂತು ‘ಗಾಸ್‌ಪೋರ್ಟ್ ಕೊಳವೆ’ ಎಂದಾಯಿತು. ಮೊದಮೊದಲು ಅದು ಏಕಮುಖವಾಗಿತ್ತು: ಗುರು ಬೈಯಬಹುದು, ಶಿಷ್ಯ ಉತ್ತರ ಕೊಡಲಾಗದು. ಹಳೆಯ ಉಪಾಧ್ಯಾಯರಲ್ಲಿ ಅನೇಕರು ಇದನ್ನು ನ್ಯೂನತೆಯೆಂದು ಎಣಿಸಿರಲಾರರು. ನಮ್ಮ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟೈಗರ್ ಮಾತ್ ವಿಮಾನಗಳಲ್ಲಿಯೂ ಇಂಥ ಕೊಳವೆಗಳಿದ್ದುವು. ಮೈಸೂರು ಸರ್ಕಾರವೂ ಪಾಲುಗೊಂಡು ೧೯೪೦ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು ೧೯೫೧ರಲ್ಲಿ ಮೊದಲು ಹಾರಿದ ಎಚ್‌ಟಿ-೨ ವಿಮಾನದಲ್ಲಿಯೂ ಗುರುಶಿಷ್ಯರು ಕೂರುತ್ತಿದ್ದುದು ಒಬ್ಬರ ಹಿಂದೊಬ್ಬರು. ಪರಸ್ಪರ ಮುಖ ಕಾಣದ ಇಂಥ ಏರ್ಪಾಟಿನಲ್ಲಿ ಪಾಠವೆಲ್ಲವೂ ಕಿವಿಯ ಮೇಲೆಯೇ ನಿಂತಿದೆ.

ಕೊಳವೆಯ ತರುವಾಯ ತಂತಿ ಬಂದಿತು. ಆ ತಂತಿಯ ತುದಿಗೆ ಬಂದುದು ಟೆಲಿಫೋನಿನಲ್ಲಿದ್ದ ಇಂಗಾಲದ ಮೈಕ್ರೊಫೋನೇ. ಸಣ್ಣ ಡಬ್ಬಿಯೊಂದರಲ್ಲಿ ಇಂಗಾಲದ ಹರಳುಗಳು. ಅವುಗಳ ಮೇಲೆ ತೆಳುವಾದ ತಗಡು. ಹರಳುಗಳ ಮೂಲಕ ವಿದ್ಯುತ್ಪ್ರವಾಹ. ಮಾತಿನ ಒತ್ತಡಕ್ಕೆ ತಗಡು ನಡುಗಿದಂತೆಲ್ಲ ಹರಳುಗಳು ಬಿಗಿಯುತ್ತವೆ, ಸಡಿಲುತ್ತವೆ. ಅದಕ್ಕನುಸಾರವಾಗಿ ಪ್ರವಾಹವು ಏರಿಳಿಯುತ್ತದೆ. ಇದರ ಗುಣವೇನೆಂದರೆ ಇದು ಒರಟು ಬಾಳಿಕೆಯದು, ಅಗ್ಗವಾದದ್ದು, ಬಲವಾದ ಸಂಕೇತವನ್ನು ತಾನೇ ಕೊಡತಕ್ಕದ್ದು. ದೋಷವೇನೆಂದರೆ ಕಂಪನಕ್ಕೂ ತೇವಕ್ಕೂ ಹರಳುಗಳು ಒಂದಕ್ಕೊಂದು ಅಂಟಿಕೊಂಡು ಮಂಕಾಗುತ್ತವೆ. ಆಗ ಚಾಲಕನು ಅದನ್ನು ಮೊಳಕಾಲಿಗೆ ಬಡಿದು ಎಚ್ಚರಿಸಬೇಕಾಗುತ್ತಿತ್ತು. ಆ ಕಾಲ ಕಳೆದು ಹೊಸ ಮಾದರಿಯ ಮೈಕ್ರೊಫೋನುಗಳು ಬಂದು ಎಷ್ಟೋ ವರ್ಷಗಳಾದುವು. ಆದರೂ ಸಣ್ಣ ವಿಮಾನಗಳಲ್ಲಿನ ರೇಡಿಯೋಗಳು ಇಂಗಾಲದ ಮೈಕ್ರೊಫೋನಿಗೆ ಕೊಡಬೇಕಾಗಿದ್ದ ಪ್ರವಾಹವನ್ನು ಇಂದಿಗೂ ಕೊಡುತ್ತಲೇ ಇವೆ. ಹೊಸ ಮೈಕ್ರೊಫೋನು ತನ್ನೊಳಗೊಂದು ಪುಟ್ಟ ವರ್ಧಕವನ್ನಿರಿಸಿಕೊಂಡು, ಆ ಪ್ರವಾಹದಿಂದಲೇ ಅದನ್ನು ನಡೆಸಿಕೊಂಡು, ತಾನು ಇಂಗಾಲದ್ದೇ ಎಂಬಂತೆ ನಟಿಸುತ್ತದೆ. ತೀರಿಕೊಂಡ ಅಜ್ಜನ ಹೆಸರಿನಲ್ಲಿ ಮೊಮ್ಮಗ ಪಿಂಚಣಿ ಪಡೆದಂತೆ! ಹಳೆಯ ಯಂತ್ರಕ್ಕೂ ಹೊಸದಕ್ಕೂ ಹೊಂದಿಕೆಯಿರಬೇಕೆಂಬ ಕಾರಣದಿಂದ ವಿಮಾನದ ಧ್ವನಿಸಲಕರಣೆಗಳಲ್ಲಿ ಇಂಥ ಪಳೆಯುಳಿಕೆಗಳು ಹಲವಾರಿವೆ. ಚಾಲಕರ ಹೆಡ್‌ಫೋನಿನ ತುದಿಯಲ್ಲಿ ಎರಡು ಪ್ಲಗ್ಗುಗಳಿದ್ದು, ಮೈಕ್ರೊಫೋನಿನದು ಒಂದಿಷ್ಟು ತೆಳ್ಳಗೂ ಕಿವಿಯದು ಒಂದಿಷ್ಟು ದಪ್ಪಗೂ ಇರುವುದು ಇಂಥದೇ ಒಂದು. ಸೈನ್ಯದ ಹೆಡ್‌ಫೋನುಗಳ ವಿದ್ಯುನ್ನಿರೋಧ ೮ರಿಂದ ೨೦ ಓಮ್‌ಗಳ ಸುಮಾರಿನದಾದರೆ ನಾಗರಿಕ ವಿಮಾನಗಳದು ಸಾಧಾರಣವಾಗಿ ೧೫೦ಕ್ಕೂ ಮೇಲ್ಪಟ್ಟದ್ದು. ಒಂದರದನ್ನು ಇನ್ನೊಂದಕ್ಕೆ ಹೂಡಿದರೆ ಒಬ್ಬನ ಕಿವಿಗೆ ಪಿಸುಮಾತು, ಇನ್ನೊಬ್ಬನ ಕಿವಿಗೆ ಗುಡುಗು.

ಈ ಸಲಕರಣೆಗಳೆಲ್ಲವೂ ಮಾತನ್ನು ಇಡಿಯಾಗಿ ಸಾಗಿಸುವುದಿಲ್ಲವೆಂಬುದು ಮುಖ್ಯ ಸಂಗತಿ. ಎಳೆಯರ ಕಿವಿಗೆ ಸೆಕೆಂಡಿಗೆ ಸುಮಾರು ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗಿನ ನಾದಗಳು ಕೇಳುತ್ತವೆ. ವಿಮಾನದ ರೇಡಿಯೋ ಸಾಗಿಸುವುದು ಸುಮಾರು ೩೦೦ರಿಂದ ೩,೦೦೦ದವರೆಗಿನವನ್ನು ಮಾತ್ರ; ಇಕ್ಕಟ್ಟಾದ ಚಾನಲುಗಳಲ್ಲಿ ಅದಕ್ಕೂ ಕಡಿಮೆ. ಆಕಾಶದಲ್ಲಿ ಸ್ಥಳ ಬೇಕಾದಷ್ಟಿದ್ದರೂ ರೇಡಿಯೋ ತರಂಗಗಳಲ್ಲಿ ಸ್ಥಳ ಸಾಲದೆ, ಯೂರೋಪಿನಲ್ಲಿ ಒಂದೊಂದು ಚಾನಲನ್ನೂ ಮೂರು ಪಾಲು ಮಾಡಿ ಹಂಚಿಕೊಂಡಿದ್ದಾರೆ. ಸ್ವರಗಳಿಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ವ್ಯಂಜನಗಳ ಪಾಡು ಬೇರೆ. ‘ಸ’ಕಾರದ ಸಿಳ್ಳು ಬಹುಪಾಲು ೪,೦೦೦ಕ್ಕೆ ಮೇಲ್ಪಟ್ಟದ್ದು, ಅದನ್ನು ಕತ್ತರಿಸಿಬಿಟ್ಟಮೇಲೆ ‘ಸಾಲು’ ಎಂದರೋ ‘ಶಾಲು’ ಎಂದರೋ ಹೇಳುವುದು ಕಷ್ಟ. ‘ಪಾಲು’, ‘ಕಾಲು’, ‘ಹಾಲು’ ಇವುಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಸೆಕೆಂಡಿನ ಕೆಲವೇ ನೂರಂಶಗಳಷ್ಟು ಕಾಲ ಇರುವ ಒಂದು ಕ್ಷೀಣವಾದ ಸಿಡಿತ ಅಥವಾ ಉಸಿರು. ಎಂಜಿನ್ನಿನ ಗದ್ದಲದಲ್ಲಿ ಮೊದಲು ಮುಳುಗತಕ್ಕದ್ದೂ ಅದೇ. ಇದನ್ನರಿತೇ ಚಾಲಕರು ಅಕ್ಷರಗಳನ್ನು ಬಿಡಿಯಾಗಿ ಹೇಳದೆ ಆಲ್ಫಾ, ಬ್ರಾವೋ, ಚಾರ್ಲಿ ಎಂದು ಇಡಿಯ ಪದಗಳಿಂದ ಸೂಚಿಸುತ್ತಾರೆ. ಈಗ ಬಳಕೆಯಲ್ಲಿರುವ ಪದಮಾಲೆ ೧೯೫೬ರಲ್ಲಿ ಜಾರಿಗೆ ಬಂದಿತು. ಇಂಗ್ಲಿಷಿನ ‘ಫೈವ್’ ಮತ್ತು ‘ನೈನ್’ ಎಂಬ ಅಂಕಿಗಳಲ್ಲಿ ವ್ಯಂಜನ ಮುಳುಗಿದರೆ ಉಳಿಯುವುದು ಒಂದೇ ಸ್ವರವಾದ್ದರಿಂದ, ಒಂಬತ್ತನ್ನು ‘ನೈನರ್’ ಎಂದು ಉಚ್ಚರಿಸಬೇಕೆಂಬ ಕಟ್ಟಳೆಯೂ ಉಂಟು.

ಇದೇ ವಿಷಯದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಪರಿಶೋಧನೆಗಳಿಂದ ವಿಚಿತ್ರವಾದೊಂದು ಸಂಗತಿ ಹೊರಬಿದ್ದಿತು. ಅಲ್ಲಿನ ಲಿಕ್‌ಲೈಡರ್ ಎಂಬ ವಿದ್ವಾಂಸನು ಮಾತಿನ ತರಂಗಗಳ ಶಿಖರಗಳನ್ನು ಕತ್ತರಿಸಿ ಚಪ್ಪಟೆ ಮಾಡಿ ನೋಡಿದನು. ಕಿವಿಗೆ ಅದು ಕರ್ಕಶವಾಯಿತು. ಆದರೆ ಅರ್ಥ ಕೆಡಲಿಲ್ಲ. ಸ್ವರಗಳು ತಗ್ಗಿದ್ದರಿಂದ, ಒಟ್ಟನ್ನು ವರ್ಧಿಸಿದಾಗ ದುರ್ಬಲವಾದ ವ್ಯಂಜನಗಳಿಗೆ ಎಡೆ ದೊರೆತು ಅವು ಮೇಲೆದ್ದುವು. ಮಾಧುರ್ಯ ಬೇರೆ, ಸ್ಪಷ್ಟತೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು.

ಗದ್ದಲವನ್ನು ದೂರವಿಡಲು ಮಾಡಿದ ಯತ್ನಗಳು ಹಲವು. ಅದೇ ಯುದ್ಧದಲ್ಲಿ ಗಂಟಲಿಗೆ ಕಟ್ಟಿಕೊಳ್ಳುವ ಮೈಕ್ರೊಫೋನು ಬಹಳವಾಗಿ ಬಳಕೆಗೆ ಬಂದಿತು. ಅದು ಗಾಳಿಯ ಸದ್ದನ್ನು ಕೇಳದೆ ಕಂಠದ ನಡುಕವನ್ನೇ ಹಿಡಿಯುತ್ತದೆ. ಗದ್ದಲ ನಿಂತಿತು, ನಿಜ. ಆದರೆ ‘ಸ’, ‘ಫ’, ‘ತ’ ಮುಂತಾದುವು ಹುಟ್ಟುವುದು ನಾಲಗೆ ಹಲ್ಲು ತುಟಿಗಳಲ್ಲಿಯೇ ಹೊರತು ಕಂಠದಲ್ಲಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಂಡವನ ಮಾತಿನಂತೆ ಅದು ಕೇಳುತ್ತಿತ್ತು. ಇನ್ನೊಂದು ಉಪಾಯ ಹೆಚ್ಚು ಬುದ್ಧಿವಂತಿಕೆಯದು: ಮೈಕ್ರೊಫೋನಿನ ತಗಡಿಗೆ ಮುಂದೊಂದು ಹಿಂದೊಂದು ರಂಧ್ರವನ್ನಿಡುವುದು. ದೂರದಿಂದ ಬಂದ ಗದ್ದಲ ಎರಡೂ ಕಡೆಯಿಂದ ಸಮನಾಗಿ ಒತ್ತಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ತುಟಿಯ ಬಳಿಯ ಮಾತು ಒಂದೇ ಕಡೆ ಬಲವಾಗಿ ಒತ್ತುವುದರಿಂದ ಉಳಿಯುತ್ತದೆ. ಆದರೆ ಇದು ಫಲಿಸಬೇಕಾದರೆ ಮೈಕ್ರೊಫೋನು ತುಟಿಗೆ ತಾಗುವಷ್ಟು ಹತ್ತಿರವಿರಬೇಕು. ಕೈಬೆರಳಗಲ ದೂರ ಸರಿದರೂ ಮಾತೂ ದೂರದ ಗದ್ದಲದ ಗುಂಪಿಗೇ ಸೇರುತ್ತದೆ. ಹೊಸದಾಗಿ ವಿಮಾನವೇರಿದ ಪ್ರಯಾಣಿಕನು ಸಂಕೋಚದಿಂದ ಅದನ್ನು ಗದ್ದದ ಕಡೆಗೆ ತಳ್ಳಿಕೊಂಡು, ಆಮೇಲೆ ಯಂತ್ರ ಕೆಟ್ಟಿದೆಯೆಂದು ದೂರುವುದು ಸರ್ವಸಾಧಾರಣ.

ಕಿವಿಯ ಕಡೆ ಗದ್ದಲವನ್ನು ಗದ್ದಲದಿಂದಲೇ ಅಳಿಸುವ ವಿಧಾನವಿದೆ. ಒಂದು ತರಂಗದ ಉಬ್ಬಿಗೆ ಸರಿಯಾಗಿ ಇನ್ನೊಂದರ ತಗ್ಗನ್ನು ಕೂಡಿಸಿದರೆ ಎರಡೂ ಇಲ್ಲವಾಗುತ್ತವೆಂಬ ತತ್ತ್ವಕ್ಕೆ ಜರ್ಮನಿಯ ಪಾಲ್ ಲ್ಯೂಗ್ ಎಂಬವನು ೧೯೩೬ರಷ್ಟು ಹಿಂದೆಯೇ ಅಮೆರಿಕದಲ್ಲಿ ಪೇಟೆಂಟು ಪಡೆದಿದ್ದನು. ಅದು ಕಾರ್ಯರೂಪಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು. ಅಮರ್ ಬೋಸರು ೧೯೭೮ರಲ್ಲಿ ವಿಮಾನಪ್ರಯಾಣವೊಂದರಲ್ಲಿ ಈ ವಿಚಾರಕ್ಕೆ ಕೈಹಾಕಿದರು. ೧೯೮೬ರಲ್ಲಿ ಎಲ್ಲಿಯೂ ಇಳಿಯದೆ ಭೂಮಿಯನ್ನು ಸುತ್ತಿಬಂದ ವಾಯೇಜರ್ ವಿಮಾನದಲ್ಲಿ ಅವರ ಹೆಡ್‌ಫೋನಿನ ಮೊದಲ ಮಾದರಿಗಳಿದ್ದುವು. ಈ ವಿಧಾನ ಎಂಜಿನ್ನಿನ ಮಂದ್ರವಾದ ಗುಡುಗನ್ನು ಚೆನ್ನಾಗಿ ಅಳಿಸುತ್ತದೆ. ತಾರದ ಸದ್ದನ್ನು ಅಳಿಸಲಾರದು, ಏಕೆಂದರೆ ತರಂಗ ಚಿಕ್ಕದಾದಷ್ಟೂ ಉಬ್ಬಿಗೆ ತಗ್ಗನ್ನು ಕೂಡಿಸುವ ಲೆಕ್ಕ ತಪ್ಪಲು ಹೊತ್ತು ಹಿಡಿಯುವುದಿಲ್ಲ. ಅದನ್ನು ಮೆತ್ತೆಯೇ ತಡೆಯಬೇಕು.

ಇನ್ನು ಸ್ವಯಂಚಾಲಿತವಾದ ಬಾಗಿಲಿನ ವಿಷಯ. ವಿಮಾನದಲ್ಲಿ ನಾಲ್ವರಿದ್ದರೆ ನಾಲ್ಕು ಮೈಕ್ರೊಫೋನುಗಳು. ನಾಲ್ಕೂ ತೆರೆದಿದ್ದರೆ ಎಲ್ಲರ ಕಿವಿಗೂ ನಾಲ್ಕು ಪಾಲು ಗದ್ದಲ. ಆದಕಾರಣ ಮಾತು ಬಂದಾಗ ಮಾತ್ರ ತೆರೆದು, ಮಾತು ನಿಂತೊಡನೆ ಮುಚ್ಚಿಕೊಳ್ಳುವ ಬಾಗಿಲನ್ನು ಪ್ರತಿಯೊಂದಕ್ಕೂ ಇಟ್ಟಿರುತ್ತಾರೆ. ಮಾತು ಬಂದಿತೆಂದು ಬಾಗಿಲಿಗೆ ತಿಳಿಯಬೇಕಾದರೆ ಮಾತು ಸ್ವಲ್ಪವಾದರೂ ಬಂದಿರಬೇಕಷ್ಟೆ. ಆ ಸ್ವಲ್ಪವೇ ಹೊರಗುಳಿಯುತ್ತದೆ. ಬಾಗಿಲನ್ನು ಸಡಿಲಗೊಳಿಸಿದರೆ ಎಂಜಿನ್ನಿನ ಸದ್ದಿಗೇ ತೆರೆದುಕೊಳ್ಳುತ್ತದೆ. ಬಿಗಿಗೊಳಿಸಿದರೆ ಮೊದಲಕ್ಷರವನ್ನು ನುಂಗುತ್ತದೆ. ನಾವೊಮ್ಮೆ ಇಂಥ ವಿಮಾನವೊಂದರ ಹಿಂದಿನ ಆಸನದಲ್ಲಿದ್ದಾಗ ಚಾಲಕರು ತಿರುಗಿ ನೋಡದೆಯೇ, “ಸ್ವಾಮೀ, ತಲೆ ಸುತ್ತುತ್ತಿದೆಯೇ?” ಎಂದು ಕೇಳಿದರು. ನಾವು “ಉಹೂಂ” ಎಂದೆವು. ಬಾಗಿಲು ‘ಉ’ಕಾರವನ್ನು ಹೊರಗಿರಿಸಿ ಉಳಿದುದನ್ನು ಒಳಕ್ಕೆ ಬಿಟ್ಟಿತು, ಅವರಿಗೆ ಕೇಳಿದುದು “ಹೂಂ”. ಪಾಪ, ಅವರು ಬಹಳ ಮರ್ಯಾದಸ್ಥರು. ಆಗಲೇ ವಿಮಾನವನ್ನು ತಿರುಗಿಸಿ ನೆಲದ ಕಡೆ ಹೊರಟರು. ಅಂದು ನಾವು ಕಳೆದುಕೊಂಡುದು ಒಂದು ಹಾರಾಟದ ಅರ್ಧ ಭಾಗವನ್ನು ಮಾತ್ರ.

ಆ ದಿನದಿಂದ ನಮ್ಮ ಮನಸ್ಸಿನಲ್ಲಿ ಒಂದು ವಿಚಾರ ನಿಂತಿದೆ. ಕನ್ನಡದಲ್ಲಿ ನಿಷೇಧವು ಸಾಮಾನ್ಯವಾಗಿ ಕ್ರಿಯಾಪದದ ತುದಿಯಲ್ಲಿ ಬರುತ್ತದೆ: ಇಳಿಯಬೇಡಿ, ಮುಟ್ಟಬಾರದು, ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಅದು ಕ್ರಿಯಾಪದಕ್ಕೆ ಮೊದಲೇ ಬಂದುಬಿಡುತ್ತದೆ. ಆದುದರಿಂದ ಮೊದಲಕ್ಷರಗಳನ್ನು ನುಂಗುವ ಯಂತ್ರದಲ್ಲಿ ಇಂಗ್ಲಿಷಿನ ‘ಬೇಡ’ ಕಳೆದುಹೋಗುವ ಅಪಾಯ ಹೆಚ್ಚು; ಮಾತು ಮುಗಿಯುವ ಮೊದಲೇ ಗುಂಡಿಯನ್ನು ಬಿಟ್ಟುಬಿಡುವ ಆತುರಗಾರನ ಕೈಯಲ್ಲಿ ಕನ್ನಡದ ‘ಬೇಡ’ ಕಳೆದುಹೋಗುವ ಅಪಾಯ ಹೆಚ್ಚು. ಎರಡು ಸಂದರ್ಭಗಳಲ್ಲಿಯೂ ಕೇಳುವವನಿಗೆ ಮುಟ್ಟುವುದು ಅರ್ಥವಿಲ್ಲದ ಚೂರಲ್ಲ, ಸುಸ್ಪಷ್ಟವಾದ ವಿರುದ್ಧಾರ್ಥ. ಮಾತು ಕೇಳಲಿಲ್ಲವೆಂದು ತಿಳಿದವನು ಮತ್ತೆ ಕೇಳುತ್ತಾನೆ. ಕೇಳಿತೆಂದು ತಿಳಿದವನು ಏಕೆ ಕೇಳಿಯಾನು? ನೆಲದೊಡನೆ ಆಡುವ ಮಾತಿನಲ್ಲಿ ಮುಖ್ಯವಾದ ಅಪ್ಪಣೆಗಳನ್ನು ಚಾಲಕನು ತಿರುಗಿ ಒಪ್ಪಿಸತಕ್ಕದ್ದೆಂಬ ನಿಯಮವಿರುವುದು ಇದಕ್ಕಾಗಿಯೇ.

ವಿದ್ಯುತ್ತಿನ ಕಡೆಯಿಂದಲೂ ಕಾಟವುಂಟು. ತಗಡಿನ ವಿಮಾನದಲ್ಲಿ ವಿಮಾನದ ಮೈಯೇ ಪ್ರವಾಹ ಹಿಂದಿರುಗುವ ದಾರಿ. ದೀಪಗಳು, ಪಂಪುಗಳು, ವಿದ್ಯುಜ್ಜನಕ ಎಲ್ಲದರ ಪ್ರವಾಹವೂ ಆ ಮೈಯಲ್ಲಿಯೇ ಹರಿಯುವುದರಿಂದ, ಮೈಕ್ರೊಫೋನಿನ ಸೂಕ್ಷ್ಮವಾದ ತಂತಿ ಎರಡು ಕಡೆ ಮೈಗೆ ತಾಗಿದರೆ ಆ ಹರಿವಿನ ಒಂದು ಪಾಲು ಮಾತಿನೊಳಕ್ಕೆ ನುಗ್ಗುತ್ತದೆ. ಎಂಜಿನ್ನಿನ ವೇಗದೊಡನೆ ಶ್ರುತಿಯೇರುವ ಕೊರಗು ಕೇಳಿದರೆ ಅದು ವಿದ್ಯುಜ್ಜನಕದ್ದು. ಟಕಟಕವೆಂದರೆ ಕಿಡಿಹೊತ್ತಿಸುವ ಮ್ಯಾಗ್ನೆಟೋವಿನದು. ನುರಿತ ಕೆಲಸಗಾರರು ಕೇಳಿದೊಡನೆ ರೋಗವನ್ನು ಹೇಳಿಬಿಡುತ್ತಾರೆ. ಮೈಕ್ರೊಫೋನಿನ ಪ್ಲಗ್ಗು ಕೂರುವ ತೂತಿಗೆ ವಿದ್ಯುತ್ತು ಹರಿಯದ ಬಿಲ್ಲೆಗಳನ್ನು ಹಾಕಿ ಮೈಯಿಂದ ಬೇರ್ಪಡಿಸುವುದೇ ಇದಕ್ಕೆ ಮದ್ದು; ಆ ಬಿಲ್ಲೆ ಒಡೆದು ವಾರಗಟ್ಟಲೆ ಜನರನ್ನು ಗೋಳಾಡಿಸುವುದುಂಟು.

ಇವೆಲ್ಲಕ್ಕಿಂತ ಗಹನವಾದ ತೊಡಕು ಒಂದೇ ಕಿವಿಗೆ ಹಲವು ದನಿಗಳು ಬೀಳುವುದು. ಎರಡು ರೇಡಿಯೋಗಳು, ಜೊತೆಯವನ ಮಾತು, ದಾರಿ ತೋರುವ ಕೇಂದ್ರಗಳು ತಮ್ಮ ಹೆಸರನ್ನು ಮೋರ್ಸ್ ಸಂಕೇತದಲ್ಲಿ ಸೆಕೆಂಡಿಗೆ ೧,೦೨೦ ಕಂಪನಗಳ ಶ್ರುತಿಯಲ್ಲಿ ಹೇಳಿಕೊಳ್ಳುವ ಕೂಗು, ಎಚ್ಚರಿಕೆಯ ಗಂಟೆಗಳು ಇವೆಲ್ಲ ಒಂದು ಫಲಕದಲ್ಲಿ ಬೆರೆತು ಒಂದೇ ತಂತಿಯಲ್ಲಿ ಬರುತ್ತವೆ. ಮದುವೆಯ ಮನೆಯಲ್ಲಿ ನೂರು ಜನ ಮಾತಾಡುತ್ತಿದ್ದರೂ ನಾವು ಬೇಕಾದವರ ಮಾತನ್ನು ಕೇಳಬಲ್ಲೆವು. ಒಂದೊಂದು ದನಿಯೂ ಒಂದೊಂದು ದಿಕ್ಕಿನಿಂದ ಬರುವುದನ್ನು ಎರಡು ಕಿವಿಗಳು ಗುರುತಿಸುವುದು ಅದಕ್ಕೊಂದು ಮುಖ್ಯ ಕಾರಣ. ಇಂಗ್ಲೆಂಡಿನ ಕಾಲಿನ್ ಚೆರಿ ೧೯೫೩ರಲ್ಲಿ ಇದನ್ನು ಪ್ರಯೋಗಗಳಿಂದ ಪರೀಕ್ಷಿಸಿದನು. ಬೆರಕೆಯ ತಂತಿ ದಿಕ್ಕನ್ನು ಅಳಿಸಿಬಿಡುತ್ತದೆ. ಎಲ್ಲರೂ ತಲೆಯ ನಡುವೆ ಒಂದೇ ಸ್ಥಳದಲ್ಲಿ ನಿಂತು ಮಾತಾಡಿದಂತಾಗುತ್ತದೆ. ಇತ್ತೀಚಿನ ಕೆಲವು ಫಲಕಗಳು ಒಂದು ರೇಡಿಯೋವನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಕೂರಿಸಿದಂತೆ ಕೇಳಿಸಿ ಕಳೆದ ದಿಕ್ಕನ್ನು ಕೃತಕವಾಗಿ ಹಿಂದಿರುಗಿಸುತ್ತವೆ. ಫಲಕಕ್ಕೆ ವಿದ್ಯುತ್ತು ನಿಂತುಹೋದರೆ ಏನು ಗತಿಯೆಂದು ಕೇಳಬಹುದು. ಆಗ ಚಾಲಕನೊಬ್ಬನ ಹೆಡ್‌ಫೋನು ಮೊದಲನೆಯ ರೇಡಿಯೋಗೆ ನೇರವಾಗಿ ಸೇರಿಕೊಳ್ಳುವಂತೆ ಏರ್ಪಾಟಿರುತ್ತದೆ. ಅವನು ನೆಲದೊಡನೆ ಮಾತಾಡಬಲ್ಲ. ಮಗ್ಗುಲಲ್ಲಿ ಕುಳಿತವನೊಡನೆ ಮಾತ್ರ ಆಡಲಾರ.

ವಿಮಾನಗಳ ರೇಡಿಯೋ ಸೆಕೆಂಡಿಗೆ ೧೧.೮ ಕೋಟಿಯಿಂದ ೧೩.೭ ಕೋಟಿ ಕಂಪನಗಳ ತರಂಗಗಳಲ್ಲಿ ನಡೆಯುತ್ತದೆ. ಅಲ್ಲಿ ಒಮ್ಮೆಗೆ ಒಬ್ಬನೇ ಮಾತಾಡತಕ್ಕದ್ದು; ಗುಂಡಿಯನ್ನೊತ್ತಿ ಮಾತಾಡುತ್ತಿರುವವನಿಗೆ ಆ ಹೊತ್ತಿನಲ್ಲಿ ಬೇರಾರ ಮಾತೂ ಕೇಳಿಸದು. ಇಬ್ಬರು ಏಕಕಾಲದಲ್ಲಿ ಗುಂಡಿಯೊತ್ತಿದರೆ ಮೂರನೆಯವನಿಗೆ ಕೇಳುವುದು ಒಂದು ಸಿಳ್ಳು. ಎರಡು ಯಂತ್ರಗಳ ತರಂಗಗಳಲ್ಲಿ ಲಕ್ಷಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೂ ಆ ವ್ಯತ್ಯಾಸವೇ ಸೆಕೆಂಡಿಗೆ ಸಾವಿರ ಕಂಪನಗಳ ಚಿಲ್ಲನೆಯ ದನಿಯಾಗಿ ಮಾತನ್ನು ಮುಚ್ಚಿಬಿಡುತ್ತದೆ. ಎಫ್‌ಎಂ ಎಂಬ ಬೇರೆ ವಿಧಾನದಲ್ಲಿ ಈ ಸಿಳ್ಳಿಲ್ಲ. ಬಲವಾದ ಯಂತ್ರ ದುರ್ಬಲವಾದುದನ್ನು ಪೂರ್ತಿಯಾಗಿ ಅಡಗಿಸಿಬಿಡುತ್ತದೆ. ಅಂದರೆ ಇನ್ನೊಬ್ಬನು ಮಾತಾಡಿದನೆಂಬ ಸುಳಿವೇ ಇರುವುದಿಲ್ಲ. ವಿಮಾನಗಳಲ್ಲಿ ಹಳೆಯ ಎಎಂ ವಿಧಾನವನ್ನೇ ಉಳಿಸಿಕೊಂಡಿರುವುದಕ್ಕೆ ಇದೂ ಒಂದು ಸಮರ್ಥನೆ. ಸಿಳ್ಳು ಮಾತನ್ನು ಕೆಡಿಸಿದರೂ, ಕೆಟ್ಟಿತೆಂದು ಸಾರುತ್ತದೆ.

೧೯೭೭ರ ಮಾರ್ಚಿ ೨೭ರಂದು ಕ್ಯಾನರಿ ದ್ವೀಪಗಳ ಟೆನೆರಿಫೆಯಲ್ಲಿ, ಲೋಸ್ ರೋಡಿಯೋಸ್ ವಿಮಾನನಿಲ್ದಾಣದಲ್ಲಿ, ಆ ಸಾರುವಿಕೆ ಸಾಲದಾಯಿತು. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬು ಸಿಡಿದುದರಿಂದ ಹಲವು ವಿಮಾನಗಳು ಅಲ್ಲಿ ಬಂದಿಳಿದಿದ್ದುವು, ಮಂಜು ಕವಿದಿತ್ತು, ಗೋಪುರದವರಿಗೆ ಓಟದ ದಾರಿ ಕಾಣುತ್ತಿರಲಿಲ್ಲ. ಕೆಎಲ್‌ಎಂ ಸಂಸ್ಥೆಯ ಬೋಯಿಂಗ್ ೭೪೭ ದಾರಿಯ ಒಂದು ತುದಿಯಲ್ಲಿತ್ತು. ಅದೇ ದಾರಿಯ ಮೇಲೆ, ಅದರ ಕಡೆಗೇ ಮುಖಮಾಡಿ, ಪ್ಯಾನ್ ಆಮ್ ಸಂಸ್ಥೆಯ ಇನ್ನೊಂದು ೭೪೭ ನಿಧಾನವಾಗಿ ಬರುತ್ತಿತ್ತು. ಹೊರಡಲು ಅಪ್ಪಣೆಯಿಲ್ಲದೆಯೇ ಕೆಎಲ್‌ಎಂ ವಿಮಾನ ಓಡತೊಡಗಿತು. ಅದರ ಉಪಚಾಲಕನು ಇಮ್ಮಡಿ ಅರ್ಥದ ಮಾತಿನಲ್ಲಿ ಅದನ್ನು ತಿಳಿಸಿದನು. ಗೋಪುರದವನು ಮೊದಲು “ಓಕೇ” ಎಂದು, ಕ್ಷಣಕಾಲ ತಡೆದು, ಕಾದಿರಿ, ಕರೆಯುತ್ತೇನೆ ಎಂಬರ್ಥದ ಮಾತನ್ನು ಹೇಳಿದನು. ಅದೇ ಕ್ಷಣಗಳಲ್ಲಿ ಪ್ಯಾನ್ ಆಮ್‌ನವರು ಗಾಬರಿಗೊಂಡು, ತಾವಿನ್ನೂ ದಾರಿಯ ಮೇಲೆಯೇ ಇದ್ದೇವೆಂದು ಹೇಳಿದರು. ಎರಡು ಮಾತುಗಳು ಒಂದರ ಮೇಲೊಂದು ಬಿದ್ದುವು. ಕೆಎಲ್‌ಎಂ ವಿಮಾನದಲ್ಲಿ “ಓಕೇ” ಕೇಳಿತು. ಆಮೇಲೆ ಮೂರು ನಾಲ್ಕು ಸೆಕೆಂಡುಗಳ ಸಿಳ್ಳು. ಎರಡರಲ್ಲಿ ಯಾವ ಒಂದು ಮಾತು ನೆಟ್ಟಗೆ ಕೇಳಿದ್ದರೂ ನಿಲ್ಲಿಸಲು ಕಾಲವಿತ್ತು. ಅನಂತರದ ಮಾತುಕತೆಯಿಂದ ಅನುಮಾನಗೊಂಡ ಕೆಎಲ್‌ಎಂ ಎಂಜಿನಿಯರನು, ಆ ವಿಮಾನ ದಾರಿಯಿಂದ ಹೊರಗಾಗಿಲ್ಲವೇ ಎಂದು ತನ್ನ ನಾಯಕನನ್ನು ಕೇಳಿದನು. ನಾಯಕನು ಆಗಿದೆಯೆಂದೇ ಒತ್ತಿ ಹೇಳಿದನು. ಆ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿತು. ಅಲ್ಲಿ ಯಂತ್ರದ ದೋಷವೇನೂ ಇರಲಿಲ್ಲ. ೫೮೩ ಜನ ಮಡಿದರು.

ಅದಾದಮೇಲೆ ಗೋಪುರದ ಭಾಷೆ ಬಿಗಿಯಾಯಿತು. ‘ಟೇಕಾಫ್’ ಎಂಬ ಪದವನ್ನು ಹೊರಡುವ ಅಪ್ಪಣೆಯನ್ನು ಕೊಡುವಾಗಲೋ ಅದನ್ನು ರದ್ದು ಮಾಡುವಾಗಲೋ ಅಲ್ಲದೆ ಉಚ್ಚರಿಸಕೂಡದು. ಉಳಿದ ಪ್ರಸಂಗಗಳಲ್ಲಿ ‘ಡಿಪಾರ್ಚರ್’ ಎನ್ನತಕ್ಕದ್ದು. ಬರಿಯ “ಓಕೇ” ಉತ್ತರವಲ್ಲ. ಸಾಗರಗಳ ಮೇಲೆ ಹಾರುವ ವಿಮಾನಗಳಿಗೆ ಅಪ್ಪಣೆಗಳನ್ನು ಅಕ್ಷರರೂಪದಲ್ಲಿ ಕಳುಹಿಸಿ, ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸುವ ಪದ್ಧತಿಯೂ ಬಂದಿದೆ. ಆದರೆ ಇಳಿಯುವಾಗ, ಹೊರಡುವಾಗ, ಕ್ಷಣಕ್ಷಣಕ್ಕೂ ನಿರ್ಣಯ ಬೇಕಾದ ನೆಲದ ಬಳಿಯಲ್ಲಿ, ಈಗಲೂ ಮಾತೇ ನಡೆಯುತ್ತದೆ: ಅದೇ ಎಎಂ ತರಂಗ, ಒಮ್ಮೆಗೆ ಒಬ್ಬರು, ಇಬ್ಬರಾದರೆ ಸಿಳ್ಳು.